ಕವರ್ ಲೆಟರ್ ಅಂದರೆ ರಜಾ ಅರ್ಜಿಯಲ್ಲ

"ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..."

ಈ ಸಾಲು ನಿಮಗೂ ಬಾಯಿಪಾಠ ಇರಬೇಕು. ಪ್ರಾಥಮಿಕ ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ರಜೆ ಕೇಳಿ ಬರೆಯುವಾಗ ಕಲಿತದ್ದು. ಜ್ವರ ಬಂದಿದೆ, ಅಕ್ಕನ ಮದುವೆ ಇದೆ, ದಯವಿಟ್ಟು ಎರಡು ದಿನ ರಜೆ ಕೊಡಬೇಕು, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ. ನಮ್ಮಲ್ಲಿ ಬಹಳ ಜನ ಕಲಿತ ಪತ್ರ ಅದೊಂದೇ. ಮುಂದೆ ಡಿಗ್ರಿ ಮುಗಿಸಿ ನೌಕರಿಗೆ ಅರ್ಜಿ ಹಾಕಲು ಕೂತಾಗಲೂ ಕೈ ತಾನಾಗಿ ಅದನ್ನೇ ಬರೆಯುತ್ತದೆ. ಜ್ವರ ಇದ್ದ ಜಾಗಕ್ಕೆ ಬಿ.ಕಾಂ. ಬಂದಿರುತ್ತದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಒಂದು ಸಣ್ಣ ಕಂಪನಿಯ ಆಫೀಸಿನಲ್ಲಿದ್ದೇನೆ. ಜನ ಬೇಕಾದಾಗ ಬರುವ ಅರ್ಜಿಗಳನ್ನು ಮೊದಲು ಓದುವುದು ನಾನೇ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗ ಹುಡುಗಿಯರದೇ ಜಾಸ್ತಿ. ಓದುವಾಗ ನಿಜಕ್ಕೂ ಸಂಕಟ ಆಗುತ್ತದೆ. ಯಾಕೆ ಗೊತ್ತಾ? ರೆಸ್ಯೂಮೆಯ ಕೊನೆಯ ಮೂಲೆಯಲ್ಲಿ "ಎರಡು ವರ್ಷ ಅಪ್ಪನ ಅಂಗಡಿ ನೋಡಿಕೊಂಡಿದ್ದೇನೆ" ಅಂತ ಒಂದು ಸಾಲು ಇರುತ್ತದೆ, ನಮಗೆ ಬೇಕಾದದ್ದು ಅಂಥವರೇ. ಆದರೆ ರೆಸ್ಯೂಮೆಯ ಜೊತೆ ಕಳಿಸುವ ಪತ್ರದಲ್ಲಿ, ಅಂದರೆ ಕವರ್ ಲೆಟರ್‌ನಲ್ಲಿ, ಆ ಅಂಗಡಿಯ ಸುಳಿವೇ ಇರುವುದಿಲ್ಲ. ಅಲ್ಲಿರುವುದು ಬರೀ "ಅವಕಾಶ ಕೊಟ್ಟರೆ ಪ್ರಾಮಾಣಿಕವಾಗಿ ದುಡಿಯುತ್ತೇನೆ" ಎಂಬ ಮಾತು. ಅದನ್ನು ಎಲ್ಲರೂ ಬರೆದಿರುತ್ತಾರೆ.

ರಜಾ ಅರ್ಜಿಯಲ್ಲಿ ನೀವು ಕೇಳುವವರು, ಅವರು ಕೊಡುವವರು. ಕೆಲಸದ ವಿಷಯ ಹಾಗಲ್ಲ. ಕಂಪನಿಯಲ್ಲಿ ಒಂದು ಕೆಲಸ ನಿಂತುಹೋಗಿದೆ ಅಥವಾ ಇದ್ದವರ ಮೇಲೆ ಹೊರೆ ಜಾಸ್ತಿಯಾಗಿದೆ, ಅದಕ್ಕೇ ಜಾಹೀರಾತು ಕೊಟ್ಟಿದ್ದಾರೆ. ಅವರಿಗೂ ತೊಂದರೆ ಇದೆ. ಆ ತೊಂದರೆ ಏನು ಅಂತ ನಿಮಗೆ ಅರ್ಥವಾಗಿದೆ, ಅಂಥದ್ದೇ ಒಂದು ಕೆಲಸವನ್ನು ನೀವು ಮಾಡಿದ್ದೀರಿ, ಇಷ್ಟನ್ನು ಒಂದು ಪುಟದೊಳಗೆ ಹೇಳುವುದೇ ಕವರ್ ಲೆಟರ್.

ಎಲ್ಲಿ ಬೇಕು, ಎಲ್ಲಿ ಬೇಡ

ಸರ್ಕಾರಿ ನೇಮಕಾತಿಗೆ ಇದು ಬೇಡ. ಕೆಪಿಎಸ್‌ಸಿ ಆಗಲಿ ಕೆಇಎ ಆಗಲಿ, ಅವರ ಆನ್‌ಲೈನ್ ಫಾರ್ಮ್ ತುಂಬಬೇಕು, ಕೇಳಿದ ದಾಖಲೆ ಕೊಡಬೇಕು, ಅಷ್ಟೇ. ಅಲ್ಲಿ ಪತ್ರ ಬರೆದು ಸಮಯ ಹಾಳು ಮಾಡಬೇಡಿ. ಖಾಸಗಿ ಕಂಪನಿ, ಶಾಲೆ ಕಾಲೇಜು, ಆಸ್ಪತ್ರೆ, ಎನ್‌ಜಿಒ, ಸಹಕಾರಿ ಸಂಘ, ಪತ್ರಿಕೆ, ವ್ಯಾಪಾರದ ಪೇಢಿ, ಇಲ್ಲೆಲ್ಲ ಪತ್ರಕ್ಕೆ ಬೆಲೆ ಇದೆ. ಅದರಲ್ಲೂ ನಮ್ಮ ಕಡೆಯ ಸಣ್ಣ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಕಂಪ್ಯೂಟರ್ ಸೋಸುವುದಿಲ್ಲ. ಮಾಲೀಕರು ಅಥವಾ ಮ್ಯಾನೇಜರ್ ಸ್ವತಃ ಓದುತ್ತಾರೆ. ಅಂಥ ಕಡೆ ಒಂದು ಒಳ್ಳೆಯ ಪತ್ರ, ಅಂಕಪಟ್ಟಿಯಲ್ಲಿ ಹಿಂದೆ ಬಿದ್ದವರನ್ನೂ ಇಂಟರ್‌ವ್ಯೂವರೆಗೆ ಕರೆದೊಯ್ಯಬಹುದು. ನಾನೇ ಹಾಗೆ ಕರೆದಿದ್ದೇನೆ.

ಜಾಹೀರಾತಿನಲ್ಲಿ ಕೇಳದಿದ್ದರೂ ಪತ್ರ ಬರೆಯಬೇಕಾ? ಇಮೇಲಿನಲ್ಲಿ ರೆಸ್ಯೂಮೆ ಕಳಿಸುತ್ತೀರಿ ಎಂದಾದರೆ ಹೌದು. ಇಮೇಲ್ ತೆರೆದಾಗ ಮೊದಲು ಕಾಣುವುದು ಖಾಲಿ ಜಾಗ ಮತ್ತು ಒಂದು ಅಟ್ಯಾಚ್‌ಮೆಂಟ್ ಆಗಿದ್ದರೆ, ಅದನ್ನು ತೆರೆಯಲು ಓದುವವರಿಗೆ ಕಾರಣವೇ ಇರುವುದಿಲ್ಲ.

ಬರೆಯುವ ಮೊದಲು ಒಂದು ತಾಸು

ಪತ್ರ ಬರೆಯಲು ಅರ್ಧ ತಾಸು ಸಾಕು. ಅದಕ್ಕೆ ಮೊದಲಿನ ಒಂದು ತಾಸು ಮುಖ್ಯ, ಇದನ್ನು ಯಾರೂ ಮಾಡುವುದಿಲ್ಲ.

ಜಾಹೀರಾತನ್ನು ಕಾಗದದ ಮೇಲೆ ಕೈಯಿಂದ ಬರೆದುಕೊಳ್ಳಿ. ಕೈಯಿಂದ ಬರೆದಾಗ ಒಂದೊಂದು ಪದವೂ ಕಣ್ಣಿಗೆ ಬೀಳುತ್ತದೆ. ಉದಾಹರಣೆಗೆ ಬ್ಯಾಡಗಿಯ ಒಂದು ಮೆಣಸಿನಕಾಯಿ ಪೇಢಿ ಹೀಗೆ ಜಾಹೀರಾತು ಕೊಟ್ಟಿದೆ ಎಂದುಕೊಳ್ಳೋಣ: "ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿದ್ದಾರೆ. ಬಿ.ಕಾಂ., ಟ್ಯಾಲಿ, ಜಿಎಸ್‌ಟಿ ಗೊತ್ತಿರಬೇಕು. ಸೀಸನ್ನಿನಲ್ಲಿ ತಡವಾಗಿ ಕೂರಲು ತಯಾರಿರಬೇಕು." ಬಹಳ ಜನ ಇದರಲ್ಲಿ ಬಿ.ಕಾಂ., ಟ್ಯಾಲಿ, ಜಿಎಸ್‌ಟಿ ಮೂರನ್ನು ಮಾತ್ರ ಓದುತ್ತಾರೆ, "ನನಗೆ ಬಿ.ಕಾಂ., ಟ್ಯಾಲಿ, ಜಿಎಸ್‌ಟಿ ಬರುತ್ತದೆ" ಅಂತ ಬರೆದು ಕಳಿಸುತ್ತಾರೆ. ಆದರೆ ಅವರ ಸಂಕಟ ಇರುವುದು ಕೊನೆಯ ಸಾಲಿನಲ್ಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು. ಸೀಸನ್ ಜೋರಾದಾಗ ಆ ಎರಡು ದಿನ ಚೀಲಗಳ ರಾಶಿ ಎಷ್ಟಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಮೆಣಸಿನಕಾಯಿಯಲ್ಲಿ ಡಬ್ಬಿ ತಳಿ ಬೇರೆ, ಕಡ್ಡಿ ತಳಿ ಬೇರೆ, ದರ ಬೇರೆ ಬೇರೆ, ರೈತರ ಲೆಕ್ಕ ಒಂದು ಕಡೆ, ಹೊರಗೆ ಹೋಗುವ ಲಾರಿಯ ಕಾಗದಪತ್ರ ಇನ್ನೊಂದು ಕಡೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಇಲ್ಲದೆ ಲಾರಿ ಹೊರಡುವ ಹಾಗಿಲ್ಲ. ಅಂಥ ದಿನ ರಾತ್ರಿ ಎಂಟಕ್ಕೆ "ನನ್ನ ಡ್ಯೂಟಿ ಮುಗೀತು" ಅಂತ ಎದ್ದುಹೋಗುವವರನ್ನು ಅವರು ಹಿಂದೆ ಕಂಡಿರಬೇಕು. ಅದಕ್ಕೇ ಆ ಸಾಲು ಬಂದಿದೆ.

ಈಗ ನಿಮಗೆ ಏನು ಬರೆಯಬೇಕು ಅಂತ ಗೊತ್ತಾಯಿತು. ಗದ್ದಲದ ನಡುವೆ ತಪ್ಪಿಲ್ಲದೆ ಲೆಕ್ಕ ಮಾಡಿದ ಒಂದು ಅನುಭವ ನಿಮ್ಮಲ್ಲಿದ್ದರೆ, ಪತ್ರ ಅಲ್ಲಿಂದ ಶುರುವಾಗಬೇಕು.

ಕಂಪನಿಯ ಬಗ್ಗೆ ತಿಳಿಯಲು ಅವರ ವೆಬ್‌ಸೈಟ್ ನೋಡಿ. ಇಲ್ಲದಿದ್ದರೆ ಲಿಂಕ್ಡ್‌ಇನ್, ಅದೂ ಇಲ್ಲದಿದ್ದರೆ ಅಲ್ಲಿ ಕೆಲಸ ಮಾಡುವ ಯಾರಾದರೂ ಪರಿಚಯದವರು. ನಮ್ಮ ಊರುಗಳಲ್ಲಿ ಇದು ದೊಡ್ಡ ಅನುಕೂಲ. ಹುಬ್ಬಳ್ಳಿಯ ತಾರಿಹಾಳ ಅಥವಾ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಯಾವುದೇ ಫ್ಯಾಕ್ಟರಿ ಹೇಳಿ, ನಿಮ್ಮ ಓಣಿಯಲ್ಲೋ ಬೀಗರಲ್ಲೋ ಅಲ್ಲಿಗೆ ಹೋಗುವವರು ಒಬ್ಬರಾದರೂ ಸಿಗುತ್ತಾರೆ. ಅವರ ಹತ್ತಿರ ವಶೀಲಿ ಕೇಳಬೇಡಿ. "ಅಲ್ಲಿ ದಿನದ ಕೆಲಸ ಹೇಗಿರುತ್ತದೆ, ಯಾವ ಮಷಿನ್ ಇವೆ, ಯಾವುದಕ್ಕೆ ಜನ ಸಾಲುತ್ತಿಲ್ಲ" ಅಂತ ಕೇಳಿ. ಆ ಹತ್ತು ನಿಮಿಷದ ಮಾತು ನಿಮ್ಮ ಪತ್ರವನ್ನು ಉಳಿದವರ ಪತ್ರದಿಂದ ಬೇರೆ ಮಾಡುತ್ತದೆ.

ಇನ್ನೊಂದು, ಹೆಸರು. "ಗೆ, ಮಾನ್ಯ ವ್ಯವಸ್ಥಾಪಕರು" ಅಂತ ಬರೆಯುವ ಬದಲು ಆ ಸಂಸ್ಥೆಗೆ ಫೋನ್ ಮಾಡಿ, "ನೇಮಕಾತಿ ಯಾರು ನೋಡಿಕೊಳ್ಳುತ್ತಾರೆ, ಪತ್ರ ಯಾರ ಹೆಸರಿಗೆ ಬರೆಯಲಿ?" ಅಂತ ಕೇಳಿ. ಹೆಚ್ಚಿನ ಕಡೆ ಹೇಳುತ್ತಾರೆ. ಹೆಸರಿನ ಕಾಗುಣಿತ ಕೇಳಿ ಬರೆದುಕೊಳ್ಳಿ, ಪಾಟೀಲ ಇದೆಯೋ ಪಾಟೀಲ್ ಇದೆಯೋ, ಅವರು ಹೇಗೆ ಬರೆಯುತ್ತಾರೋ ಹಾಗೆ. ಗೊತ್ತಾಗದೇ ಇದ್ದರೆ "ನಮಸ್ಕಾರ ಸರ್ / ಮೇಡಂ" ಸಾಕು, ಚಿಂತೆ ಬೇಡ.

ಮೊದಲ ಎರಡು ಸಾಲು

"ನಾನು ಇಂಥವರು, ಇಂಥ ಊರಿನವರು, ಇಂಥ ಪದವಿ" ಅಂತ ಶುರು ಮಾಡಬೇಡಿ, ಅದೆಲ್ಲ ರೆಸ್ಯೂಮೆಯಲ್ಲಿದೆ. ಮೊದಲ ಸಾಲಿನಲ್ಲಿ ಯಾವ ಕೆಲಸಕ್ಕೆ ಬರೆಯುತ್ತಿದ್ದೀರಿ ಅಂತ ಹೇಳಿ. ಎರಡನೇ ಸಾಲಿನಲ್ಲಿ ನಿಮ್ಮ ಅತಿ ಗಟ್ಟಿಯಾದ ಸಂಗತಿಯನ್ನು ಇಡಿ. ಓದುವವರು ಅಲ್ಲೇ ನಿಲ್ಲಿಸಿದರೂ ಆ ಒಂದು ಸಂಗತಿ ಅವರ ತಲೆಯಲ್ಲಿ ಉಳಿಯಬೇಕು.

ನಡುವಿನ ಭಾಗ: ಒಂದೇ ಒಂದು ಘಟನೆ

ಇದೇ ಪತ್ರದ ಜೀವ, ಇಲ್ಲಿ ನಿಧಾನ ಮಾಡೋಣ.

"ನಾನು ಶ್ರಮಜೀವಿ, ತಂಡದಲ್ಲಿ ಹೊಂದಿಕೊಂಡು ಕೆಲಸ ಮಾಡುತ್ತೇನೆ, ಬೇಗ ಕಲಿಯುತ್ತೇನೆ." ಇವು ಸುಳ್ಳಲ್ಲದೇ ಇರಬಹುದು. ಆದರೆ ನಂಬಲು ಓದುವವರಿಗೆ ಆಧಾರ ಏನಿದೆ? ಶ್ರಮಜೀವಿ ಅಂತ ನೀವು ಹೇಳಬಾರದು, ನೀವು ಮಾಡಿದ್ದನ್ನು ಓದಿ ಅವರೇ ಹಾಗೆ ಅಂದುಕೊಳ್ಳಬೇಕು. ಅದಕ್ಕೆ ಒಂದು ಘಟನೆ ಬೇಕು. ಏನು ತೊಂದರೆ ಇತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಸಾಧ್ಯವಾದರೆ ಒಂದು ಸಂಖ್ಯೆ. ನಾಲ್ಕೈದು ಸಾಲು ಸಾಕು.

ಇದನ್ನು ಹೇಳಿದಾಗಲೆಲ್ಲ ಹೊಸಬರು ಒಂದೇ ಉತ್ತರ ಕೊಡುತ್ತಾರೆ: "ನಾನು ಫ್ರೆಶರ್, ನನ್ನ ಹತ್ತಿರ ಅಂಥ ಘಟನೆ ಇಲ್ಲ." ನಾನು ಇದನ್ನು ಒಪ್ಪುವುದಿಲ್ಲ. ಬೆಟಗೇರಿಯಲ್ಲಿ ಮಗ್ಗದ ಮನೆಯಲ್ಲಿ ಬೆಳೆದ ಹುಡುಗಿಗೆ ನೂಲು ಎಷ್ಟು ಬೇಕು, ಸೀರೆ ಯಾವಾಗ ಮುಗಿಯುತ್ತದೆ, ಕೂಲಿ ಎಷ್ಟು ಅನ್ನುವ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಉತ್ಪಾದನಾ ವಿಭಾಗದಲ್ಲಿ ನಡೆಯುವ ಕೆಲಸದ ಬೀಜವೇ ಅದು. ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ರಜೆಯಲ್ಲಿ ಕೂತ ಹುಡುಗನಿಗೆ, ಮಳೆ ಬಿದ್ದ ಮರುದಿನ ಐವತ್ತು ಜನ ರೈತರು ಒಟ್ಟಿಗೆ ಬಂದರೆ ಹೇಗೆ ಸಂಭಾಳಿಸಬೇಕು ಅಂತ ಗೊತ್ತು. ಸೇಲ್ಸ್ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತರಬೇತಿ ಯಾವುದು? ಊರ ಜಾತ್ರೆಯ ದಾಸೋಹದಲ್ಲಿ ಸಾವಿರ ಜನಕ್ಕೆ ಬಡಿಸುವ ವ್ಯವಸ್ಥೆ ಮಾಡಿದ್ದೀರಾ, ಯಾರಿಗೆ ಯಾವ ಕೆಲಸ ಹಂಚಿದಿರಿ, ಎಲ್ಲಿ ತಡವಾಯಿತು, ಏನು ಬದಲಿಸಿದಿರಿ? ಕಾಲೇಜಿನ ಪ್ರಾಜೆಕ್ಟಿನಲ್ಲಿ ಮೋಟರ್ ಸುಟ್ಟುಹೋದಾಗ ಕಾರಣ ಹುಡುಕಿದವರು ಯಾರು? ಕುಟುಂಬದ ಹೊಲದ ಕೆಲಸ, ತಂಗಿಯ ಓದು, ಅಜ್ಜನ ಆಸ್ಪತ್ರೆಯ ಓಡಾಟ, ಇವುಗಳಲ್ಲೂ ಜವಾಬ್ದಾರಿ ಹೊತ್ತ ಒಂದು ಸಂದರ್ಭ ಇದ್ದೇ ಇರುತ್ತದೆ.

ಒಂದು ಮಾತು ನೆನಪಿಡಿ. ಘಟನೆ ಆ ಕೆಲಸಕ್ಕೆ ಹೊಂದಬೇಕು. ದಾಸೋಹದ ಅನುಭವ ಸ್ಟೋರ್ಸ್ ಅಥವಾ ಅಡ್ಮಿನ್ ಕೆಲಸಕ್ಕೆ ಹೊಂದುತ್ತದೆ, ಸಾಫ್ಟ್‌ವೇರ್ ಟೆಸ್ಟಿಂಗಿಗೆ ಹೊಂದುವುದಿಲ್ಲ. ಸಂಖ್ಯೆಯನ್ನು ಹುಟ್ಟಿಸಿ ಹಾಕಬೇಡಿ. ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ಕೇಳಿದರೆ ಸುಳ್ಳು ಸಂಖ್ಯೆ ಬಿದ್ದುಹೋಗುತ್ತದೆ, ಜೊತೆಗೆ ನೀವು ಹೇಳಿದ ನಿಜವೂ ಬೀಳುತ್ತದೆ.

ಮೇಲಿನ ಬ್ಯಾಡಗಿಯ ಜಾಹೀರಾತಿಗೆ ಗದಗಿನ ಒಬ್ಬ ಹುಡುಗಿ ಬರೆಯುತ್ತಾಳೆ ಅಂತ ಇಟ್ಟುಕೊಂಡು ಒಂದು ಪತ್ರ ಬರೆದು ತೋರಿಸುತ್ತೇನೆ. ಇದನ್ನು ನಕಲು ಮಾಡಬೇಡಿ, ಯಾವ ಮಾತು ಎಲ್ಲಿ ಬಂದಿದೆ, ಯಾಕೆ ಬಂದಿದೆ ಅಂತ ನೋಡಿ. ಅದರಲ್ಲಿ ಬರುವ ಜಿಎಸ್‌ಟಿಆರ್-2ಬಿ ಅಂದರೆ, ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಿಂಗಳು ತಿಂಗಳು ತಯಾರಿಸುವ ಪಟ್ಟಿ.

"ನಮಸ್ಕಾರ ಸರ್,

ನಿಮ್ಮ ಪೇಢಿಯ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಈ ಅರ್ಜಿ. ಎರಡು ವರ್ಷದಿಂದ ಗದಗಿನ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ಲಿಂಗ್ ಮತ್ತು ಟ್ಯಾಲಿ ಎಂಟ್ರಿ ನಾನೇ ನೋಡುತ್ತಿದ್ದೇನೆ. ದೀಪಾವಳಿ ವಾರದಲ್ಲಿ ದಿನಕ್ಕೆ 120 ಬಿಲ್‌ವರೆಗೆ ಆಗುತ್ತವೆ, ಅಂದಿನ ಲೆಕ್ಕ ಅಂದೇ ಮುಗಿಸಿ ಮನೆಗೆ ಹೋಗುವುದು ರೂಢಿ.

ಕಳೆದ ವರ್ಷ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವಾಗ 14 ಬಿಲ್ಲುಗಳು ಅದರಲ್ಲಿ ಬಂದೇ ಇರಲಿಲ್ಲ. ಸಪ್ಲೈಯರ್‌ಗಳು ತಮ್ಮ ರಿಟರ್ನಿನಲ್ಲಿ ಅವನ್ನು ತೋರಿಸಿರಲಿಲ್ಲ. ನಾನು ಪಟ್ಟಿ ಮಾಡಿ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಎರಡು ತಿಂಗಳಲ್ಲಿ 12 ಬಿಲ್ಲು ಸರಿಯಾದವು, ಅಂಗಡಿಗೆ ಬರಬೇಕಾದ ತೆರಿಗೆ ಕ್ರೆಡಿಟ್ ಸಿಕ್ಕಿತು. ಆಮೇಲೆ ಪ್ರತಿ ತಿಂಗಳು 14ನೇ ತಾರೀಖಿಗೆ 2ಬಿ ಬಂದ ಕೂಡಲೇ ಈ ತಾಳೆ ನೋಡುವುದನ್ನು ಶುರು ಮಾಡಿದೆ.

ಮೆಣಸಿನಕಾಯಿ ವ್ಯಾಪಾರದ ಒಳಗಿನ ಲೆಕ್ಕ ನನಗೆ ಹೊಸದು, ಅದನ್ನು ಕಲಿಯಬೇಕು. ಇ-ವೇ ಬಿಲ್, ಟ್ಯಾಲಿ ಪ್ರೈಮ್, ತಿಂಗಳ ರಿಟರ್ನಿಗೆ ಬೇಕಾದ ಲೆಕ್ಕ ತಯಾರಿಸುವುದು ದಿನಾ ಮಾಡುವ ಕೆಲಸ. ಸೀಸನ್ನಿನಲ್ಲಿ ತಡವಾಗಿ ಕೂರಬೇಕಾಗುತ್ತದೆ ಎಂದು ಜಾಹೀರಾತಿನಲ್ಲಿ ಓದಿದೆ. ಬ್ಯಾಡಗಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ, ಅಲ್ಲೇ ಇರುತ್ತೇನೆ, ಹಾಗಾಗಿ ಅದು ನನಗೆ ಕಷ್ಟವಲ್ಲ.

ಈಗಿನ ಕಡೆ 15 ದಿನದ ಮುನ್ಸೂಚನೆ ಕೊಡಬೇಕು. ಯಾವ ದಿನ ಕರೆದರೂ ಬಂದು ಮಾತಾಡಲು ಸಿದ್ಧಳಿದ್ದೇನೆ.

ವಂದನೆಗಳೊಂದಿಗೆ,
ಹೆಸರು, ಫೋನ್ ನಂಬರ್"

ನೋಡಿ, ಇದರಲ್ಲಿ "ಪ್ರಾಮಾಣಿಕ" ಎಂಬ ಪದವೇ ಇಲ್ಲ. ಆದರೂ ಓದಿದವರಿಗೆ ಈ ಹುಡುಗಿ ಪ್ರಾಮಾಣಿಕಳು ಅನಿಸುತ್ತದೆ, ಯಾಕೆಂದರೆ 14 ಬಿಲ್ಲಿನಲ್ಲಿ 12 ಮಾತ್ರ ಸರಿಯಾದವು ಅಂತ ಬರೆದಿದ್ದಾಳೆ, ಮತ್ತು ಮೆಣಸಿನಕಾಯಿ ಲೆಕ್ಕ ಗೊತ್ತಿಲ್ಲ ಅಂತ ತಾನೇ ಹೇಳಿದ್ದಾಳೆ. ಗೊತ್ತಿಲ್ಲದ್ದನ್ನು ಒಂದು ಸಾಲಿನಲ್ಲಿ ನೇರವಾಗಿ ಹೇಳುವುದು ದೌರ್ಬಲ್ಯವಲ್ಲ. ಅದರ ಪಕ್ಕದಲ್ಲಿ ಗೊತ್ತಿರುವುದನ್ನು ಇಟ್ಟರೆ ಸಾಕು.

ಚಿಕ್ಕಮ್ಮನ ಮನೆಯ ಸಾಲನ್ನೂ ಗಮನಿಸಿ. ಬೇರೆ ಊರಿನವರ ಅರ್ಜಿ ನೋಡಿದಾಗ ನಮಗೆ ಮೊದಲು ಬರುವ ಅನುಮಾನವೇ "ದಿನಾ ಬರುತ್ತಾರಾ?" ಅನ್ನುವುದು. ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡುವವರು ಎಷ್ಟೋ ಜನ ಇದ್ದಾರೆ, ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವುದಂತೂ ಮಾಮೂಲು. ನೀವೂ ಹಾಗೆ ಬರುವವರಾದರೆ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ಬೆಂಗಳೂರಿಗೆ ಅರ್ಜಿ ಹಾಕುವವರು "ಆಯ್ಕೆಯಾದರೆ ಇಷ್ಟು ದಿನದಲ್ಲಿ ಬೆಂಗಳೂರಿಗೆ ಬಂದು ಇರುತ್ತೇನೆ" ಅಂತ ಬರೆಯಿರಿ. ಅವರು ಕೇಳದೇ ಮನಸ್ಸಿನಲ್ಲೇ ಇಟ್ಟುಕೊಂಡ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಸಪ್ತಾಪುರದ ಮೂರು ವರ್ಷವನ್ನು ಹೇಗೆ ಬರೆಯುವುದು

ಇದು ನಮ್ಮ ಕಡೆಯವರಿಗೆ ತೀರಾ ಹತ್ತಿರದ ವಿಷಯ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು, ಕೋಚಿಂಗ್ ಸೇರಿ, ಲೈಬ್ರರಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ಓದಿದವರು ಎಷ್ಟು ಜನ! ಎರಡು ವರ್ಷ, ಮೂರು ವರ್ಷ, ಕೆಲವರು ಇನ್ನೂ ಜಾಸ್ತಿ. ಕೊನೆಗೆ ಆಗಲಿಲ್ಲ ಅಂತ ಖಾಸಗಿ ಕೆಲಸ ಹುಡುಕುವಾಗ ರೆಸ್ಯೂಮೆಯಲ್ಲಿ ಆ ವರ್ಷಗಳು ಖಾಲಿ ಕಾಣುತ್ತವೆ. ನಾಚಿಕೆಯಿಂದ ಅದನ್ನು ಮುಚ್ಚಿಡುತ್ತಾರೆ. ಕೆಲವರು ಯಾವುದೋ ಅಂಗಡಿಯ ಹೆಸರಿನಲ್ಲಿ ಸುಳ್ಳು ಅನುಭವ ಪತ್ರ ಮಾಡಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಒಂದು ಫೋನಿನಲ್ಲಿ ಗೊತ್ತಾಗುತ್ತದೆ.

ಆ ವರ್ಷಗಳಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ತಪ್ಪು ಯಾವಾಗಲೂ ಓದಿದವರದ್ದೂ ಆಗಿರುವುದಿಲ್ಲ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಷ್ಟು ದಿನ ಕಾದವರ ರೆಸ್ಯೂಮೆಯಲ್ಲಿ ಗ್ಯಾಪ್ ಇರದೆ ಇನ್ನೇನಿರುತ್ತದೆ?

ಆದರೆ ಕೆಲಸ ಕೊಡುವವರಿಗೆ ಒಂದು ನ್ಯಾಯವಾದ ಭಯ ಇದೆ, ಅದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಮೂರು ತಿಂಗಳು ಕಲಿಸಿದ ಮೇಲೆ ಹೊಸ ನೋಟಿಫಿಕೇಶನ್ ಬಂತು ಅಂತ ಬಿಟ್ಟುಹೋದರೆ? ನಮ್ಮಲ್ಲೂ ಹಾಗೆ ಆಗಿದೆ. ಹಾಗಾಗಿ ಪತ್ರದಲ್ಲಿ ಗ್ಯಾಪಿನ ಬಗ್ಗೆ ಮೂರೇ ಸಾಲು ಬರೆಯಿರಿ. ಏನು ಮಾಡುತ್ತಿದ್ದಿರಿ, ಅದರಿಂದ ಏನು ಬಂತು, ಈಗ ಏನು ನಿರ್ಧಾರ ಮಾಡಿದ್ದೀರಿ. ಹೀಗೆ: "2021ರಿಂದ 2024ರವರೆಗೆ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದೆ, ಜೊತೆಗೆ ಸಂಜೆ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಆ ತಯಾರಿಯನ್ನು ಈಗ ನಿಲ್ಲಿಸಿದ್ದೇನೆ. ಮುಂದೆ ಬೋಧನೆಯಲ್ಲೇ ಇರಬೇಕು ಎಂದು ನಿರ್ಧರಿಸಿ ಈ ಅರ್ಜಿ ಹಾಕುತ್ತಿದ್ದೇನೆ." ಇಲ್ಲಿಗೆ ನಿಲ್ಲಿಸಿ. ವ್ಯವಸ್ಥೆಯ ಮೇಲಿನ ಸಿಟ್ಟು, ಎಷ್ಟು ಅಂಕದಲ್ಲಿ ತಪ್ಪಿತು ಅನ್ನುವ ನೋವು, ಇವೆಲ್ಲ ನಿಜವೇ, ಆದರೆ ಈ ಪತ್ರದಲ್ಲಿ ಬೇಡ. ಇನ್ನೂ ಓದುತ್ತಿದ್ದೀರಿ ಎಂದಾದರೆ "ನಿಲ್ಲಿಸಿದ್ದೇನೆ" ಅಂತ ಬರೆಯಬೇಡಿ. "ಕನಿಷ್ಠ ಇಷ್ಟು ಸಮಯ ಇಲ್ಲಿ ಇರುತ್ತೇನೆ" ಅಂತ ನಿಮಗೆ ಖಾತ್ರಿ ಇರುವಷ್ಟನ್ನೇ ಬರೆಯಿರಿ.

ಮದುವೆ, ಮಗು, ಮನೆಯವರ ಕಾಯಿಲೆ ಅಂತ ಕೆಲಸ ಬಿಟ್ಟಿದ್ದ ಹೆಣ್ಣುಮಕ್ಕಳಿಗೂ ಇದೇ ಮಾತು. ಕ್ಷಮೆ ಕೇಳುವ ಧಾಟಿ ಬೇಡ.

ಬಡತನದ ಬಗ್ಗೆ

ಇದನ್ನು ಹೇಳಲು ನನಗೆ ಕಷ್ಟವಾಗುತ್ತದೆ, ಆದರೂ ಹೇಳಲೇಬೇಕು. "ನಾನು ಬಡ ರೈತ ಕುಟುಂಬದಿಂದ ಬಂದವನು, ತಂದೆಗೆ ಹುಷಾರಿಲ್ಲ, ಈ ಕೆಲಸ ಕೊಟ್ಟು ಸಹಾಯ ಮಾಡಬೇಕು" ಎಂಬ ಸಾಲುಗಳು ವಾರಕ್ಕೆ ಎರಡಾದರೂ ಬರುತ್ತವೆ. ಓದಿದಾಗ ಮನಸ್ಸು ಕರಗುತ್ತದೆ. ಆದರೆ ಆ ಕಾರಣಕ್ಕೆ ಕೆಲಸ ಕೊಡಲು ನನ್ನಿಂದ ಆಗುವುದಿಲ್ಲ, ಯಾಕೆಂದರೆ ಪಕ್ಕದ ಅರ್ಜಿಯವರ ಮನೆಯಲ್ಲೂ ಅದೇ ಪರಿಸ್ಥಿತಿ ಇದೆ. ಇಲ್ಲೇ ಆ ರಜಾ ಅರ್ಜಿಯ ರೂಢಿ ನಮಗೆ ಜಾಸ್ತಿ ಪೆಟ್ಟು ಕೊಡುವುದು. ಕಷ್ಟ ಹೇಳಿದರೆ ಕೊಡುತ್ತಾರೆ ಅಂತ ಶಾಲೆಯಲ್ಲಿ ಕಲಿತೆವು. ಇಲ್ಲಿ ಕೊಡುವುದು ಕೆಲಸ ಬರುತ್ತದೆ ಅಂತ ಗೊತ್ತಾದಾಗ. ಆ ರೈತ ಕುಟುಂಬದಲ್ಲಿ ನೀವು ಮಾಡಿದ್ದನ್ನು ಬರೆಯಿರಿ. "ನಾಲ್ಕು ಎಕರೆ ಹೊಲದ ಬಿತ್ತನೆಯಿಂದ ಮಾರಾಟದವರೆಗಿನ ಲೆಕ್ಕ ನಾನು ಇಟ್ಟಿದ್ದೇನೆ" ಅನ್ನಿ. ಅದೇ ಮನೆ, ಅದೇ ಹೊಲ, ಆದರೆ ಪತ್ರ ತಲೆ ಎತ್ತಿ ನಿಲ್ಲುತ್ತದೆ.

ಸಂಬಳದ ಮಾತು ಅವರು ಕೇಳಿದ್ದರೆ ಮಾತ್ರ. ಜಾತಿ, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಇವು ಬೇಡ. ಆಧಾರ್ ನಂಬರ್, ಪ್ಯಾನ್, ಬ್ಯಾಂಕ್ ಖಾತೆ ಯಾವತ್ತೂ ಹಾಕಬೇಡಿ. ಅರ್ಜಿ ಹಾಕಿದ್ದಕ್ಕೆ ಡಿಪಾಸಿಟ್ ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ.

ಕನ್ನಡವೋ ಇಂಗ್ಲಿಷೋ

ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆ. ಕನ್ನಡ ಪತ್ರಿಕೆ, ಕನ್ನಡ ಶಾಲೆ, ಹಳ್ಳಿಗಳಲ್ಲಿ ಕೆಲಸ ಮಾಡುವ ಎನ್‌ಜಿಒ, ಸಹಕಾರಿ ಸಂಘ, ಇಲ್ಲಿಗೆಲ್ಲ ಚೆನ್ನಾದ ಕನ್ನಡ ಪತ್ರವೇ ನಿಮ್ಮ ಕೆಲಸದ ಮೊದಲ ಸ್ಯಾಂಪಲ್. ಇಂಗ್ಲಿಷಿನಲ್ಲಿ ಬರೆಯಬೇಕಾದರೆ ಮೊದಲು ಕನ್ನಡದಲ್ಲಿ ಯೋಚಿಸಿ, ಏನು ಹೇಳಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಂಡು, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಬರೆಯಿರಿ. ಕನ್ನಡ ಮಾಧ್ಯಮದವರು ದೊಡ್ಡ ಇಂಗ್ಲಿಷ್ ಪದ ಹುಡುಕಿ ಹಾಕುವುದರಿಂದಲೇ ಎಡವುತ್ತಾರೆ. ಎಂಟು ಪದದ ಸರಿಯಾದ ವಾಕ್ಯ, ಮೂವತ್ತು ಪದದ ತಪ್ಪು ವಾಕ್ಯಕ್ಕಿಂತ ಎಷ್ಟೋ ಮೇಲು. ಇಂಗ್ಲಿಷ್ ಚೆನ್ನಾಗಿ ಬರುವ ಒಬ್ಬರಿಂದ ಒಮ್ಮೆ ಓದಿಸಿ.

ಕನ್ನಡದಲ್ಲಿ ಟೈಪ್ ಮಾಡುವಾಗ ಒಂದು ಎಚ್ಚರ. ನಮ್ಮ ಊರಿನ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಕೊಡುತ್ತಾರೆ. ಅದು ಅವರ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ, ಆ ಫಾಂಟ್ ಇಲ್ಲದ ನನ್ನ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗುಂಪಾಗಿ ಕಾಣುತ್ತದೆ. ಹೀಗೆ ಓದಲಾಗದೇ ಬದಿಗಿಟ್ಟ ಅರ್ಜಿಗಳು ಎಷ್ಟೋ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಬರೆದರೆ ಅದು ಯೂನಿಕೋಡೇ. ಅಂಗಡಿಯಲ್ಲಿ ಮಾಡಿಸಿದರೆ ಪಿಡಿಎಫ್ ಮಾಡಿಸಿಕೊಂಡು, ನಿಮ್ಮ ಫೋನಿನಲ್ಲಿ ತೆರೆದು ನೋಡಿ.

ಅದೇ ಅಂಗಡಿಗಳ ರೆಡಿಮೇಡ್ ಪತ್ರದ ಬಗ್ಗೆಯೂ ಹೇಳಬೇಕು. ಒಂದೇ ಫೈಲಿನಲ್ಲಿ ಹೆಸರು ಬದಲಿಸಿ ನೂರು ಜನಕ್ಕೆ ಕೊಡುತ್ತಾರೆ. ಚಾಟ್‌ಜಿಪಿಟಿಯಿಂದ ಬರೆಸಿ ಹಾಗೇ ಕಳಿಸುವ ಪತ್ರಗಳ ಕಥೆಯೂ ಅದೇ, ಒಂದು ದಿನ ಒಂದೇ ಮೊದಲ ಸಾಲಿನ ಮೂರು ಪತ್ರ ಬಂದದ್ದನ್ನು ನೋಡಿದ್ದೇನೆ. ನೀವೇ ಬರೆದದ್ದರಲ್ಲಿ ಕಾಗುಣಿತ, ವ್ಯಾಕರಣ ತಿದ್ದಿಸಲು ಬಳಸಿ. ಘಟನೆ ಮಾತ್ರ ನಿಮ್ಮದೇ ಇರಲಿ, ಅದು ಬೇರೆ ಯಾರ ಹತ್ತಿರವೂ ಇಲ್ಲ.

ಕಳಿಸುವಾಗ

ಒಂದು ಪುಟ ಮೀರಬಾರದು. ಕನ್ನಡದಲ್ಲಿ 200 ಪದದ ಆಸುಪಾಸು, ಇಂಗ್ಲಿಷಿನಲ್ಲಿ 250ರಿಂದ 350. ಇಮೇಲಿನಲ್ಲಾದರೆ ಪತ್ರವನ್ನು ಅಲ್ಲೇ ಬರೆಯಿರಿ, ರೆಸ್ಯೂಮೆಯನ್ನು ಮಾತ್ರ ಪಿಡಿಎಫ್ ಆಗಿ ಜೋಡಿಸಿ, ಪತ್ರದ ಫೈಲನ್ನೂ ಬೇರೆಯಾಗಿ ಕೇಳಿದ್ದರೆ ಎರಡೂ. ಸಬ್ಜೆಕ್ಟ್ ಸಾಲಿನಲ್ಲಿ ಕೆಲಸದ ಹೆಸರು ಮತ್ತು ನಿಮ್ಮ ಹೆಸರು. ಫೈಲಿಗೆ "ಡಾಕ್ಯುಮೆಂಟ್1" ಅಂತ ಬಿಡದೆ ನಿಮ್ಮ ಹೆಸರು ಇಡಿ. ಕಾಲೇಜಿನಲ್ಲಿ ತಮಾಷೆಗೆ ಮಾಡಿಕೊಂಡ ಇಮೇಲ್ ಐಡಿ ಇದ್ದರೆ ಹೆಸರಿನದ್ದೇ ಹೊಸದು ಮಾಡಿ, ಐದು ನಿಮಿಷದ ಕೆಲಸ. ಒಂದೇ ಇಮೇಲಿನಲ್ಲಿ ಇಪ್ಪತ್ತು ಕಂಪನಿಗಳ ವಿಳಾಸ ಹಾಕಿ ಕಳಿಸುವುದನ್ನಂತೂ ಮಾಡಲೇಬೇಡಿ, ಎಲ್ಲರಿಗೂ ಎಲ್ಲರ ಹೆಸರು ಕಾಣುತ್ತದೆ.

ಕಳಿಸುವ ಮೊದಲು ಪತ್ರವನ್ನು ಜೋರಾಗಿ ಓದಿ. ಕಂಪನಿಯ ಹೆಸರು ಮೂರು ಸಲ ನೋಡಿ. ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ನನಗೆ ಬಹಳ ಬೇಕಾಗಿದ್ದ ಒಂದು ಕೆಲಸಕ್ಕೆ ಅರ್ಜಿ ಕಳಿಸಿದ ಮೇಲೆ, ಎರಡನೇ ಪ್ಯಾರಾದಲ್ಲಿ ಬೇರೆ ಕಂಪನಿಯ ಹೆಸರು ಉಳಿದಿದ್ದು ಗೊತ್ತಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಂದ ಉತ್ತರವೂ ಬರಲಿಲ್ಲ. ಅವತ್ತಿನಿಂದ ಹಳೆಯ ಪತ್ರ ತೆರೆದು ತಿದ್ದುವುದನ್ನು ಬಿಟ್ಟು, ಪ್ರತಿ ಸಲ ಖಾಲಿ ಹಾಳೆಯಿಂದ ಬರೆಯತೊಡಗಿದೆ. ಸಮಯ ಜಾಸ್ತಿ ಬೇಕಾಯಿತು, ಆದರೆ ಉತ್ತರಗಳು ಬರಲು ಶುರುವಾದದ್ದೂ ಆಗಲೇ.

ಏಳೆಂಟು ದಿನ ಕಳೆದರೂ ಸುದ್ದಿ ಇಲ್ಲ ಅಂದರೆ ಅದೇ ಇಮೇಲಿಗೆ ಒಂದು ಸಣ್ಣ ಮರುಪತ್ರ ಕಳಿಸಿ: "ಇಂಥ ತಾರೀಖು ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಕಳಿಸಿದ್ದೆ. ನನಗೆ ಈ ಕೆಲಸದಲ್ಲಿ ಈಗಲೂ ಆಸಕ್ತಿ ಇದೆ. ಇನ್ನೇನಾದರೂ ಮಾಹಿತಿ ಬೇಕಿದ್ದರೆ ತಿಳಿಸಿ." ಇಷ್ಟೇ. ದಿನಾ ಫೋನ್ ಮಾಡಬೇಡಿ. ಅದಕ್ಕೂ ಉತ್ತರ ಬರದಿದ್ದರೆ ಮುಂದಿನ ಜಾಹೀರಾತನ್ನು ಕಾಗದದ ಮೇಲೆ ಬರೆದುಕೊಳ್ಳಲು ಶುರು ಮಾಡಿ.